ಟ್ರೆಡ್‌ಮಿಲ್ ಮೇಲೆ ಬಾರದ ಎದೆನೋವು ರಸ್ತೆಯಲ್ಲಿ ಯಾಕೆ ಬಂತು? ಒಂದು ಪ್ರಕರಣ ಅಧ್ಯಯನ

ಇದು ನಮ್ಮ ಹೃದಯ ಪುನಶ್ಚೇತನ ವಿಭಾಗಕ್ಕೆ ಬಂದ ಒಬ್ಬ ರೋಗಿಯ ಕಥೆ. ನಾನು ಅಲ್ಲಿ ಫಿಸಿಯೋಥೆರಪಿಸ್ಟ್. ಹಾರ್ಟ್ ಅಟ್ಯಾಕ್ ಆಗಿ, ಸ್ಟೆಂಟ್ ಹಾಕಿಸಿಕೊಂಡು ಬಂದವರಿಗೆ ಮತ್ತೆ ನಡೆಯೋದು, ಮೆಟ್ಟಿಲು ಹತ್ತೋದು, ದಿನದ ಕೆಲಸಕ್ಕೆ ಮರಳೋದು ಹೇಗೆ ಅಂತ ಕಲಿಸುವುದು ನಮ್ಮ ಕೆಲಸ. ರೋಗಿಯ ಗುರುತು ಸಿಗಬಾರದು ಅಂತ ಅವರ ವಯಸ್ಸು, ಕೆಲಸ ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಊರಿನ ಹೆಸರು ಬೇಕಿಲ್ಲ. ವಾಹನ ಜಾಸ್ತಿ ಇರುವ ಯಾವ ಊರಲ್ಲಾದರೂ ಇದು ನಡೆಯಬಹುದು. ರೋಗಿಯನ್ನು ಇಲ್ಲಿ ಮೇಷ್ಟ್ರು ಅಂತ ಕರೆಯುತ್ತೇನೆ.

ಹಿನ್ನೆಲೆ

ಮೇಷ್ಟ್ರಿಗೆ ಅರವತ್ತು ದಾಟಿತ್ತು. ಸಿಗರೇಟು ಸೇದಿದವರಲ್ಲ. ಬಿಪಿ ಇತ್ತು, ಕೊಲೆಸ್ಟರಾಲ್ ಸ್ವಲ್ಪ ಹೆಚ್ಚಿತ್ತು. ಹೃದಯದ ಎಡಭಾಗದ ದೊಡ್ಡ ರಕ್ತನಾಳ ಕಟ್ಟಿಕೊಂಡು ಹಾರ್ಟ್ ಅಟ್ಯಾಕ್ ಆಗಿತ್ತು. ಬೇಗ ಆಸ್ಪತ್ರೆ ತಲುಪಿದ್ದರಿಂದ ಸ್ಟೆಂಟ್ ಹಾಕಿದರು, ಹೃದಯದ ಸ್ನಾಯುವಿಗೆ ದೊಡ್ಡ ಹಾನಿ ಆಗಲಿಲ್ಲ. ಆಮೇಲೆ ಕೆಲವು ವಾರ ನಮ್ಮಲ್ಲಿಗೆ ಬಂದು ಟ್ರೆಡ್‌ಮಿಲ್ ಮೇಲೆ ನಡೆದರು. ಶಿಸ್ತಿನ ಮನುಷ್ಯ. ಮಾತ್ರೆ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಕೊನೆಯ ವಾರಗಳಲ್ಲಿ ನಾಡಿ ನಿಮಿಷಕ್ಕೆ 115ರ ಆಸುಪಾಸು ಇರುವ ಹಾಗೆ ನಲವತ್ತು ನಿಮಿಷ ನಡೆದರೂ ಎದೆಯಲ್ಲಿ ಏನೂ ಆಗುತ್ತಿರಲಿಲ್ಲ. ಇನ್ನು ಮನೆಯ ಹತ್ತಿರವೇ ದಿನಾ ವಾಕಿಂಗ್ ಮಾಡಿ ಅಂತ ಹೇಳಿ ಕಳಿಸಿದೆವು.

ಚಳಿಗಾಲ ಶುರುವಾಗಿತ್ತು. ಅವರು ವಾಪಸ್ ಬಂದಾಗ ಮುಖದಲ್ಲಿ ಗಾಬರಿ ಇತ್ತು. ವಾಕಿಂಗ್ ಶುರು ಮಾಡಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಎದೆ ಹಿಡಿದ ಹಾಗೆ ಆಗುತ್ತದೆ, ನಿಂತರೆ ಕೆಲವೇ ನಿಮಿಷದಲ್ಲಿ ಹೋಗುತ್ತದೆ ಅಂದರು. ಹೆಂಡತಿ ಪಕ್ಕದಲ್ಲೇ ಕೂತಿದ್ದರು. ಇನ್ನು ಮನೆಯಿಂದ ಹೊರಗೇ ಬಿಡಲ್ಲ ಅಂತ ಅವರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು.

ಮೊದಲ ತೀರ್ಮಾನ: ಭಯ ಅಂತ ತಳ್ಳಿಹಾಕಬಾರದು

ಹಾರ್ಟ್ ಅಟ್ಯಾಕ್ ಆದವರಿಗೆ ಭಯದಿಂದ ಎದೆ ಹಿಡಿದ ಹಾಗಾಗುವುದು ಉಂಟು. ಒಳಗೆ, ನಮ್ಮ ಕಣ್ಣೆದುರು ನಡೆಯುವಾಗ ಧೈರ್ಯ ಇರುತ್ತದೆ, ಒಂಟಿಯಾಗಿ ರಸ್ತೆಗೆ ಇಳಿದಾಗ ಅದು ಹೋಗುತ್ತದೆ. ಮೇಷ್ಟ್ರ ವಿಷಯದಲ್ಲೂ ಈ ಮಾತು ಬಂತು. ಆದರೆ ಅವರು ಹೇಳಿದ ಲಕ್ಷಣ ಭಯದ್ದಲ್ಲ. ನಡೆದಾಗ ಬರುತ್ತದೆ, ನಿಂತರೆ ಹೋಗುತ್ತದೆ, ಜಾಗವೂ ಎದೆಯ ನಡುವೆ. ಹೃದಯಕ್ಕೆ ರಕ್ತ ಸಾಲದೆ ಬರುವ ನೋವು, ಅಂದರೆ ಆಂಜೈನಾ, ಹೀಗೇ ಇರುತ್ತದೆ. ಇಂಥ ನೋವನ್ನು ಸಮಾಧಾನ ಹೇಳಿ ಕಳಿಸುವ ಹಾಗಿಲ್ಲ.

ಹೃದ್ರೋಗ ತಜ್ಞರು ಅವತ್ತೇ ಇಸಿಜಿ ಮತ್ತು ಹೃದಯದ ಸ್ನಾಯುವಿಗೆ ಹಾನಿಯಾಗಿದ್ದರೆ ತೋರಿಸುವ ಟ್ರೋಪೊನಿನ್ ರಕ್ತಪರೀಕ್ಷೆ ಮಾಡಿಸಿದರು. ಎರಡೂ ಸರಿ ಇದ್ದವು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮೊದಲಿನ ಹಾಗೇ ಇತ್ತು. ಅಷ್ಟಕ್ಕೇ ಬಿಡದೆ ಆಂಜಿಯೋಗ್ರಾಂ ಕೂಡ ಮಾಡಿದರು. ಸ್ಟೆಂಟ್ ಪೂರ್ತಿ ತೆರೆದೇ ಇತ್ತು. ಇನ್ನೊಂದು ಸಣ್ಣ ಕವಲಿನಲ್ಲಿ ಮಾತ್ರ ನಡುಮಟ್ಟದ ಕಿರಿದು ಕಂಡಿತು. ಸ್ಟೆಂಟ್ ಹಾಕುವಷ್ಟು ದೊಡ್ಡದಲ್ಲ, ಮಾತ್ರೆಯಲ್ಲೇ ನೋಡಿಕೊಳ್ಳಬಹುದು ಅಂತ ತೀರ್ಮಾನವಾಯಿತು. ಮತ್ತೆ ಟ್ರೆಡ್‌ಮಿಲ್ ಮೇಲೆ ನಡೆಸಿದೆವು. ನಾಡಿ 118ಕ್ಕೆ ಹೋದರೂ ನೋವಿಲ್ಲ, ಇಸಿಜಿಯಲ್ಲೂ ಬದಲಾವಣೆ ಇಲ್ಲ.

ಈ ಘಟ್ಟದಲ್ಲಿ ಕಡತ ಮುಚ್ಚಿಬಿಡೋದು ಸುಲಭ. ಪರೀಕ್ಷೆ ಎಲ್ಲ ಸರಿ ಇದೆ, ಮಾತ್ರೆ ಸ್ವಲ್ಪ ಜಾಸ್ತಿ ಮಾಡಿದರಾಯಿತು ಅಂತ. ಆದರೆ ಮೇಷ್ಟ್ರಿಗೆ ನೋವು ಬರುತ್ತಿದ್ದದ್ದು ಆಸ್ಪತ್ರೆಯಲ್ಲಿ ಅಲ್ವಲ್ಲ, ರಸ್ತೆಯಲ್ಲಿ. ಹಾಗಾಗಿ ಪರೀಕ್ಷೆಯನ್ನೇ ರಸ್ತೆಗೆ ಒಯ್ಯಬೇಕು ಅಂತ ಅನಿಸಿತು. ಇಪ್ಪತ್ತನಾಲ್ಕು ಗಂಟೆ ಇಸಿಜಿ ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟಿ, ದಿನಾ ಮಾಡುವ ಹಾಗೇ ವಾಕಿಂಗ್ ಮಾಡಿ, ನೋವು ಬಂದ ತಕ್ಷಣ ಬಟನ್ ಒತ್ತಿ ನಿಂತುಬಿಡಿ ಅಂತ ಹೇಳಿದೆವು. ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಮಾತ್ರೆ ಜೇಬಿನಲ್ಲಿರಬೇಕು, ಮಗ ಜೊತೆಗಿರಬೇಕು, ಇವು ಷರತ್ತು.

ಕಾಗದದ ಮೇಲೆ ಕಂಡದ್ದು

ಹೋಲ್ಟರ್ ವರದಿ ನೋಡಿದ ಮೇಲೆ ನಮ್ಮ ಯೋಚನೆಯ ದಿಕ್ಕೇ ಬದಲಾಯಿತು. ಬೆಳಗ್ಗೆ ಆರೂವರೆ ದಾಟಿದಾಗ ಇಸಿಜಿಯ ಎಸ್‌ಟಿ ಗೆರೆ ಕೆಳಗೆ ಇಳಿದಿತ್ತು. ಹೃದಯದ ಸ್ನಾಯುವಿಗೆ ಆ ಹೊತ್ತಿನಲ್ಲಿ ರಕ್ತ ಸಾಲಲಿಲ್ಲ ಅನ್ನೋದರ ಗುರುತು ಅದು. ಆಗ ನಾಡಿ ಎಷ್ಟಿತ್ತು? ಬರೀ 100ರ ಆಸುಪಾಸು. ಟ್ರೆಡ್‌ಮಿಲ್ ಮೇಲೆ 118ಕ್ಕೂ ಬಗ್ಗದ ಹೃದಯ, ರಸ್ತೆಯಲ್ಲಿ 100ಕ್ಕೇ ಸೋತಿತ್ತು. ಕೆಲಸ ಕಡಿಮೆ, ಆದರೂ ರಕ್ತದ ಕೊರತೆ ಜಾಸ್ತಿ. ಅಂದರೆ ಹೊರಗಿನ ಯಾವುದೋ ಒಂದು ಅಂಶ ರಕ್ತನಾಳವನ್ನು ಬಿಗಿ ಮಾಡುತ್ತಿತ್ತು.

ಅವರ ದಾರಿಯಲ್ಲಿ ನಾನೂ ಒಂದು ಬೆಳಗ್ಗೆ ಜೊತೆಗೆ ನಡೆದೆ. ಮನೆ ಮುಖ್ಯ ರಸ್ತೆಯಲ್ಲೇ ಇದೆ. ರಸ್ತೆಯ ಬದಿಯಲ್ಲೇ ನಡೆದು, ದೊಡ್ಡ ಸಿಗ್ನಲ್ ದಾಟಿ, ಆಚೆಯ ಸಣ್ಣ ಏರು ಹತ್ತಿ ವಾಪಸ್ ಬರುವುದು ಅವರ ಕ್ರಮ. ಸಿಗ್ನಲ್‌ನಲ್ಲಿ ನಿಂತಾಗ ಎರಡು ಬಸ್ಸು, ಒಂದು ಲಾರಿ ಎಂಜಿನ್ ಆರಿಸದೆ ನಮ್ಮ ಪಕ್ಕದಲ್ಲೇ ಗುಡುಗುಡು ಅನ್ನುತ್ತಿದ್ದವು. ಬಸ್ಸಿನ ಹೊಗೆ ಕೊಳವೆ ಸರಿಯಾಗಿ ನಡೆದಾರಿಯ ಕಡೆಗೇ ಇತ್ತು. ಗಾಳಿ ಒಂಚೂರೂ ಆಡುತ್ತಿರಲಿಲ್ಲ. ಹೊಗೆ ಮೇಲೆ ಹೋಗದೆ ಸೊಂಟದ ಮಟ್ಟದಲ್ಲೇ ಹಾಸಿಕೊಂಡಿತ್ತು, ಬೀದಿದೀಪದ ಬೆಳಕಿನಲ್ಲಿ ಅದು ಚೆನ್ನಾಗಿ ಕಾಣುತ್ತಿತ್ತು. ಮೇಷ್ಟ್ರು ಮೂಗು ಒರೆಸಿಕೊಂಡ ಬಿಳಿ ಕರವಸ್ತ್ರದಲ್ಲಿ ಎರಡು ಕಪ್ಪು ಗುರುತು ಮೂಡಿದವು. ಅವರು ಅದನ್ನು ನೋಡದೆಯೇ ಮಡಚಿ ಜೇಬಿಗೆ ಹಾಕಿಕೊಂಡರು. ದಿನಾ ಆಗೋದೇ ಆಗಿರಬೇಕು.

ವಾಪಸ್ ಬಂದು ಹೋಲ್ಟರ್ ವರದಿಯನ್ನೂ ಮಗ ಬರೆದಿಟ್ಟ ಸಮಯವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎಸ್‌ಟಿ ಗೆರೆ ಇಳಿಯೋಕೆ ಶುರುವಾದದ್ದು ಏರಿನ ತುದಿಯಲ್ಲಲ್ಲ. ಸಿಗ್ನಲ್ ದಾಟಿದ ಸ್ವಲ್ಪ ಹೊತ್ತಿಗೆ, ಇನ್ನೂ ಸಮತಟ್ಟಾದ ದಾರಿಯಲ್ಲಿ.

ಹೊಗೆ ಹೃದಯಕ್ಕೆ ಏನು ಮಾಡುತ್ತದೆ

ಗಾಳಿ ಕೆಟ್ಟರೆ ಕೆಮ್ಮು, ಉಬ್ಬಸ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಹೃದಯಕ್ಕೂ ಅದಕ್ಕೂ ಸಂಬಂಧ ಇದೆ ಅಂತ ನಮ್ಮಲ್ಲಿಗೆ ಬರುವ ಹೃದ್ರೋಗಿಗಳಲ್ಲಿ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಹೊರಗಿನ ಗಾಳಿಯ ಮಾಲಿನ್ಯದಿಂದ ಜಗತ್ತಿನಲ್ಲಿ ಸುಮಾರು 42 ಲಕ್ಷ ಜನ ಅಕಾಲದಲ್ಲಿ ಸತ್ತರು. ಅದರಲ್ಲಿ ಸುಮಾರು ಶೇ 68ರಷ್ಟು ಸಾವು ಹೃದಯದ ರಕ್ತನಾಳದ ಕಾಯಿಲೆ ಮತ್ತು ಪಾರ್ಶ್ವವಾಯುವಿನಿಂದ. ಈ ಅಂಕಿಯನ್ನು ರೋಗಿಗಳಿಗೆ ಹೇಳಿದಾಗಲೆಲ್ಲ ಅವರು ಇನ್ನೊಮ್ಮೆ ಹೇಳಿ ಅನ್ನುತ್ತಾರೆ.

ಕಾರಣ ಕಣದ ಗಾತ್ರದಲ್ಲಿದೆ. ಪಿಎಂ 2.5 ಅಂದರೆ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು. ತಲೆಕೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲು. ಮೂಗಿನ ಕೂದಲು, ಗಂಟಲಿನ ಲೋಳೆ ಇವನ್ನು ತಡೆಯಲಾರವು. ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ಹೋಗುತ್ತವೆ. ಅಲ್ಲಿ ಉರಿಯೂತ ಎಬ್ಬಿಸುತ್ತವೆ, ಅದರ ರಾಸಾಯನಿಕ ಸಂದೇಶ ರಕ್ತಕ್ಕೆ ಇಳಿಯುತ್ತದೆ. ಡೀಸೆಲ್ ಹೊಗೆಯಲ್ಲಿ ಜಾಸ್ತಿ ಇರುವ ಇನ್ನೂ ಸೂಕ್ಷ್ಮ ಕಣಗಳಲ್ಲಿ ಕೆಲವು ನೇರವಾಗಿ ರಕ್ತಕ್ಕೇ ಸೇರಬಲ್ಲವು. ರಕ್ತನಾಳದ ಒಳಪದರ ಹಿಗ್ಗುವ ಶಕ್ತಿ ಕಳೆದುಕೊಳ್ಳುತ್ತದೆ, ಬಿಪಿ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಆರೋಗ್ಯವಂತರಿಗೆ ಇದು ಗೊತ್ತೇ ಆಗದೆ ಹೋಗಬಹುದು. ಮೇಷ್ಟ್ರ ಹಾಗೆ ಒಂದು ಕವಲು ಮೊದಲೇ ಕಿರಿದಾಗಿರುವವರಿಗೆ ಅಷ್ಟೇ ಸಾಕು.

ಇದು ಬರೀ ತರ್ಕವಲ್ಲ, ಪ್ರಯೋಗದಲ್ಲಿ ಕಂಡದ್ದು. ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸುಧಾರಿಸಿಕೊಂಡಿದ್ದ 20 ಗಂಡಸರನ್ನು ಒಂದು ಕೋಣೆಯಲ್ಲಿ ಸೈಕಲ್ ತುಳಿಸಿ, ಒಮ್ಮೆ ಶುದ್ಧ ಗಾಳಿ, ಇನ್ನೊಮ್ಮೆ ತೆಳುವಾಗಿಸಿದ ಡೀಸೆಲ್ ಹೊಗೆ ಕೊಟ್ಟು ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅಷ್ಟೇ ವ್ಯಾಯಾಮ, ಆದರೆ ಹೊಗೆಯಲ್ಲಿ ಎಸ್‌ಟಿ ಗೆರೆ ಜಾಸ್ತಿ ಇಳಿಯಿತು. ಹೆಪ್ಪನ್ನು ಕರಗಿಸಲು ದೇಹ ತಾನೇ ಬಿಡುಗಡೆ ಮಾಡುವ ವಸ್ತುವೂ ಕಡಿಮೆಯಾಯಿತು. ಮೇಷ್ಟ್ರ ಹೋಲ್ಟರ್ ನೋಡಿದಾಗ ನಮ್ಮ ತಜ್ಞರಿಗೆ ತಟ್ಟನೆ ನೆನಪಾದದ್ದು ಇದೇ.

ಒಂದೊಂದನ್ನೇ ಬದಲಿಸಿದ್ದು

ಆದರೂ ಹೊಗೆಯೇ ಕಾರಣ ಅಂತ ಅಷ್ಟು ಬೇಗ ಹೇಳೋಕೆ ಆಗುತ್ತಿರಲಿಲ್ಲ. ಚಳಿ ಗಾಳಿಯೂ ರಕ್ತನಾಳವನ್ನು ಬಿಗಿ ಮಾಡುತ್ತದೆ. ಬೆಳಗಿನ ಹೊತ್ತು ಬಿಪಿ ತಾನಾಗಿಯೇ ಏರುತ್ತದೆ. ಅದೂ ಅಲ್ಲದೆ, ವಿಚಾರಿಸಿದಾಗ ತಿಳಿಯಿತು, ಮೇಷ್ಟ್ರು ಬೆಳಗಿನ ಮಾತ್ರೆಗಳನ್ನು ವಾಕಿಂಗ್ ಮುಗಿಸಿ ಬಂದ ಮೇಲೆ ತಗೊಳ್ಳುತ್ತಿದ್ದರು. ಅಂದರೆ ಹಿಂದಿನ ದಿನದ ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿಗೇ ನಡೆಯುತ್ತಿದ್ದರು.

ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ನೋವು ಹೋಗಬಹುದು, ಯಾವುದರಿಂದ ಹೋಯಿತು ಅಂತ ಮಾತ್ರ ತಿಳಿಯಲ್ಲ. ಅದು ತಿಳಿಯದಿದ್ದರೆ ಮುಂದೆ ಅವರು ಏನನ್ನು ಬಿಡಬಾರದು ಅಂತ ಹೇಳೋದು ಹೇಗೆ? ಅದಕ್ಕೇ ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ಇಟ್ಟುಕೊಂಡೆವು.

ಮೊದಲು ಮಾತ್ರೆಯ ಸಮಯ. ಎದ್ದ ಕೂಡಲೇ ಮಾತ್ರೆ, ಒಂದು ಗಂಟೆ ಬಿಟ್ಟು ಅದೇ ದಾರಿಯಲ್ಲಿ ವಾಕಿಂಗ್, ನಿಧಾನವಾಗಿ, ನೋವಿನ ಸುಳಿವು ಸಿಕ್ಕರೆ ನಿಲ್ಲುವುದು. ಸ್ವಲ್ಪ ಅನುಕೂಲವಾಯಿತು. ನೋವು ತಡವಾಗಿ ಬರತೊಡಗಿತು, ಆದರೆ ಬಂದೇ ಬರುತ್ತಿತ್ತು.

ಆಮೇಲೆ ದಾರಿ. ಮನೆಯ ಹಿಂದಿನ ಓಣಿಗಳಲ್ಲಿ ಹೋದರೆ ಒಂದು ದೊಡ್ಡ ಮೈದಾನ ಸಿಗುತ್ತದೆ, ಮುಖ್ಯ ರಸ್ತೆಯಿಂದ ಮುನ್ನೂರು ಮೀಟರ್‌ಗೂ ಹೆಚ್ಚು ದೂರ. ಈ ದೂರವನ್ನು ಸುಮ್ನೆ ಆರಿಸಿದ್ದಲ್ಲ. ಹೆದ್ದಾರಿಯ ಪಕ್ಕ ಅಳತೆ ಮಾಡಿದ ಅಧ್ಯಯನಗಳಲ್ಲಿ ವಾಹನದ ಅತಿ ಸೂಕ್ಷ್ಮ ಕಣಗಳ ಸಂಖ್ಯೆ ಮೊದಲ ನೂರು ಮೀಟರ್‌ನಲ್ಲೇ ಸರಸರನೆ ಇಳಿದು, ಮುನ್ನೂರು ಮೀಟರ್ ಹೊತ್ತಿಗೆ ಊರಿನ ಸಾಮಾನ್ಯ ಮಟ್ಟಕ್ಕೆ ಬರುವುದು ಕಂಡಿದೆ. ಸಮಯ ಅದೇ, ಚಳಿ ಅದೇ, ವೇಗ ಅದೇ. ನಿಜ ಹೇಳಬೇಕಂದರೆ ಬಯಲಾದ್ದರಿಂದ ಮೈದಾನದಲ್ಲಿ ಚಳಿ ಇನ್ನೂ ಜಾಸ್ತಿಯೇ ಇತ್ತು. ಆದರೂ ಹೆಚ್ಚಿನ ದಿನ ನೋವು ಬರಲಿಲ್ಲ. ನನ್ನ ಪ್ರಕಾರ ಇಡೀ ಪ್ರಕರಣದ ತಿರುವು ಇದೇ. ಚಳಿಯೇ ಮುಖ್ಯ ಕಾರಣವಾಗಿದ್ದರೆ ಮೈದಾನದಲ್ಲಿ ನೋವು ಹೆಚ್ಚಬೇಕಿತ್ತು.

ಈ ಹಂತದಲ್ಲಿ ತಂಡದಲ್ಲಿ ಒಂದು ಚರ್ಚೆ ಆಯಿತು. ಖಚಿತ ಮಾಡಿಕೊಳ್ಳಲು ಮತ್ತೊಮ್ಮೆ ರಸ್ತೆಯಲ್ಲಿ ನಡೆಸಿ ಹೋಲ್ಟರ್ ತೆಗೆಯೋಣ ಅಂತ ಒಬ್ಬರು ಅಂದರು. ನಾವು ಒಪ್ಪಲಿಲ್ಲ. ನಮ್ಮ ಕುತೂಹಲ ತಣಿಸಲು ಒಬ್ಬ ಹೃದ್ರೋಗಿಯನ್ನು ಗೊತ್ತಿದ್ದೂ ಹೊಗೆಗೆ ಕಳಿಸುವುದು ತಪ್ಪು. ಪುರಾವೆ ಸ್ವಲ್ಪ ಕಮ್ಮಿ ಇದ್ದರೂ ಪರವಾಗಿಲ್ಲ.

ಪುಟ್ಟ ಅಳತೆ ಯಂತ್ರವೊಂದನ್ನು ಹಿಡಿದು ಎರಡೂ ದಾರಿಯಲ್ಲಿ ನಾನೇ ನಡೆದು ನೋಡಿದೆ. ಸಿಗ್ನಲ್ ಬಳಿಯ ಅಂಕಿ ಮೈದಾನದ್ದಕ್ಕಿಂತ ಎಷ್ಟೋ ಮೇಲಿತ್ತು. ಒಂದು ಎಚ್ಚರಿಕೆ: ಇಂಥ ಅಗ್ಗದ ಯಂತ್ರಗಳು ಮಂಜು ಇದ್ದಾಗ ನೀರಿನ ಹನಿಯನ್ನೂ ಕಣ ಅಂತ ಎಣಿಸಿ ಹೆಚ್ಚು ತೋರಿಸುತ್ತವೆ. ಹಾಗಾಗಿ ಅಂಕಿಯನ್ನು ನಂಬದೆ, ಎರಡು ಜಾಗಗಳ ನಡುವಿನ ವ್ಯತ್ಯಾಸವನ್ನಷ್ಟೇ ತಗೊಂಡೆವು.

ಮಾಸ್ಕ್ ಕೂಡ ಪ್ರಯತ್ನಿಸಿದೆವು. ಮೇಷ್ಟ್ರು ಮೊದಲಿಂದ ಮೂಗಿಗೆ ಉಲ್ಲನ್ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ಅದು ಚಳಿಗೆ ಸರಿ, ಸಣ್ಣ ಕಣಕ್ಕೆ ಅದರಿಂದ ಏನೂ ಆಗದು. ಬೀಜಿಂಗ್‌ನಲ್ಲಿ 98 ಹೃದ್ರೋಗಿಗಳನ್ನು ಮಾಸ್ಕ್ ಹಾಕಿಸಿ, ಹಾಕಿಸದೆ ನಡೆಸಿ ನೋಡಿದ ಅಧ್ಯಯನ 2012ರಲ್ಲಿ ಬಂತು. ಒಳ್ಳೆಯ ಮಾಸ್ಕ್ ಹಾಕಿದಾಗ ಎಸ್‌ಟಿ ಬದಲಾವಣೆಯೂ ಬಿಪಿಯೂ ಕಡಿಮೆ ಇದ್ದವು. ಆದರೆ ಎನ್‌95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು. ಹಾಗೆ ಕೂತಾಗ ಮೇಷ್ಟ್ರಿಗೆ ಉಸಿರು ಕಟ್ಟಿದ ಹಾಗಾಗಿ ಗಾಬರಿಯಾಯಿತು. ಸಡಿಲ ಮಾಡಿಕೊಂಡರೆ ಪಕ್ಕದಿಂದ ಹೊಗೆ ನುಗ್ಗುತ್ತದೆ. ಕೊನೆಗೆ, ರಸ್ತೆ ದಾಟುವಾಗ ಮತ್ತು ಬಸ್ಸಿನಲ್ಲಿ ಹೋಗುವಾಗ ಮಾತ್ರ ಹಾಕಿಕೊಳ್ಳಿ, ವಾಕಿಂಗ್‌ಗೆ ಬೇಡ ಅಂತ ತೀರ್ಮಾನವಾಯಿತು.

ಮೈದಾನದಲ್ಲೂ ನೋವು ಬಂದ ದಿನ

ಎಲ್ಲ ಸರಿಹೋಯಿತು ಅಂದುಕೊಳ್ಳುವಾಗ ಫೋನ್ ಬಂತು. ದಟ್ಟ ಮಂಜಿದ್ದ ಒಂದು ಬೆಳಗ್ಗೆ, ಮೈದಾನದ ನಡುವೆಯೇ ನೋವು. ಮಾತ್ರೆ ಇಟ್ಟುಕೊಂಡ ಮೇಲೆ ಹೋಯಿತು. ಆಸ್ಪತ್ರೆಗೆ ಬಂದಾಗ ಇಸಿಜಿ, ಟ್ರೋಪೊನಿನ್ ಎರಡೂ ಸರಿ ಇದ್ದವು.

ಆ ದಿನದ ಗಾಳಿ ಗುಣಮಟ್ಟದ ಸೂಚ್ಯಂಕ ಊರಿಗೆ ಊರೇ ಕೆಟ್ಟಿದೆ ಅಂತ ತೋರಿಸುತ್ತಿತ್ತು. ಬೆಳಗಿನ ಗಾಳಿ ಅಂದರೆ ಶುದ್ಧ ಗಾಳಿ ಅಂತ ನಾವೆಲ್ಲ ನಂಬಿಕೊಂಡು ಬಂದಿದ್ದೇವೆ, ಅಲ್ವಾ? ಚಳಿಗಾಲದಲ್ಲಿ ಅದು ಎಷ್ಟೋ ಸಲ ಸುಳ್ಳು. ರಾತ್ರಿ ನೆಲ ತಣ್ಣಗಾಗುತ್ತದೆ, ನೆಲಕ್ಕಂಟಿದ ಗಾಳಿಯೂ ತಣ್ಣಗಾಗುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಕೂತುಬಿಡುತ್ತದೆ. ಕೆಳಗಿನ ಹೊಗೆ ಮೇಲೆ ಹೋಗಲಾಗದೆ ಅಲ್ಲೇ ಉಳಿಯುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಅದು ಚದುರುತ್ತದೆ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ಮೇಲೆ ಕವಿದ ಕಲ್ಲಿದ್ದಲ ಹೊಗೆಯ ಹಿಂದೆ ಇದ್ದದ್ದೂ ಇದೇ. ಆಗ ಮೊದಲ ಲೆಕ್ಕದಲ್ಲೇ ಸುಮಾರು 4,000 ಹೆಚ್ಚುವರಿ ಸಾವು ಸಿಕ್ಕವು. ಸತ್ತವರಲ್ಲಿ ಶ್ವಾಸಕೋಶದ ರೋಗಿಗಳಷ್ಟೇ ಅಲ್ಲ, ಹೃದ್ರೋಗಿಗಳೂ ಇದ್ದರು.

ಆವತ್ತಿನಿಂದ ಸಮಯವನ್ನೂ ಬದಲಿಸಿದೆವು. ಚಳಿಗಾಲದಲ್ಲಿ ಬೆಳಗ್ಗೆ ಹತ್ತೂವರೆ ಹನ್ನೊಂದರ ಮೇಲೆ ಮೈದಾನದಲ್ಲಿ ವಾಕಿಂಗ್. ಸೂಚ್ಯಂಕ ತೀರಾ ಕೆಟ್ಟ ದಿನ ಮನೆಯೊಳಗೇ, ಹಾಲ್‌ನಿಂದ ಕೋಣೆಗೆ, ಕಿಟಕಿ ಮುಚ್ಚಿ. ಬೇಸಿಗೆಗೆ ಲೆಕ್ಕ ಬೇರೆ. ಕಡುಬಿಸಿಲಲ್ಲಿ ವಾಹನದ ಹೊಗೆಯಿಂದ ನೆಲಮಟ್ಟದಲ್ಲಿ ಓಝೋನ್ ಹುಟ್ಟುತ್ತದೆ, ಅದು ಮಧ್ಯಾಹ್ನದಿಂದ ಸಂಜೆಯವರೆಗೆ ಜಾಸ್ತಿ ಇರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಬೆಳಗ್ಗೆಯೇ ಒಳ್ಳೆಯದು. ಮಲಗುವ ಕೋಣೆ ರಸ್ತೆ ಕಡೆ ಇತ್ತು, ಹಿಂದಿನ ಕೋಣೆಗೆ ಹಾಸಿಗೆ ಸಾಗಿಸಿದರು.

ಈ ಬದಲಾವಣೆಗಳ ನಂತರ ಮತ್ತೆ ಹೋಲ್ಟರ್ ಕಟ್ಟಿದೆವು. ನಲವತ್ತು ನಿಮಿಷದ ವಾಕಿಂಗ್‌ನಲ್ಲಿ ನಾಡಿ 112ರವರೆಗೆ ಹೋಗಿತ್ತು, ಎಸ್‌ಟಿ ಗೆರೆ ಅಲುಗಿರಲಿಲ್ಲ. ಮೇಷ್ಟ್ರ ಹೆಂಡತಿಯೂ ಈಗ ಜೊತೆಗೆ ನಡೆಯುತ್ತಾರೆ.

ನಾವು ತಗೊಂಡ ಪಾಠ

ಒಬ್ಬ ರೋಗಿಯಿಂದ ಎಲ್ಲರಿಗೂ ನಿಯಮ ಮಾಡೋಕಾಗಲ್ಲ. ಮಾತ್ರೆಯ ಸಮಯದಿಂದಲೂ ಅವರಿಗೆ ಅನುಕೂಲವಾಗಿದೆ, ಕೊನೆಯ ಬದಲಾವಣೆಯಲ್ಲಿ ಚಳಿಯೂ ಕಡಿಮೆಯಾಯಿತು. ಇಷ್ಟನ್ನು ಒಪ್ಪಿಕೊಂಡೇ ಎರಡು ವಿಷಯ ಒತ್ತಿ ಹೇಳುತ್ತೇನೆ.

ವಾಕಿಂಗ್ ಬಿಡಿಸಬಾರದು. ಮನೆಯವರಿಗೆ ಮೊದಲು ಹೊಳೆಯುವ ದಾರಿ ಅದೇ, ಅವರ ಪ್ರೀತಿಯೂ ಅರ್ಥವಾಗುತ್ತದೆ. ಆದರೆ ಹಾರ್ಟ್ ಅಟ್ಯಾಕ್ ಆದವರನ್ನು ಕೂರಿಸಿಬಿಟ್ಟರೆ ಹಾನಿ ಖಂಡಿತ. 2016ರಲ್ಲಿ ಬಂದ ಒಂದು ಲೆಕ್ಕಾಚಾರದ ಪ್ರಕಾರ ಪಿಎಂ 2.5 ಘನ ಮೀಟರ್‌ಗೆ 100 ಮೈಕ್ರೋಗ್ರಾಂ ಇರುವ ಊರಲ್ಲೂ ದಿನಕ್ಕೆ ಅರ್ಧ ಗಂಟೆ, ಒಂದು ಗಂಟೆ ನಡೆಯುವುದರ ಲಾಭ ಹೊಗೆಯ ನಷ್ಟಕ್ಕಿಂತ ಹೆಚ್ಚು. ಅದು ಸಾಮಾನ್ಯ ಜನರ ಲೆಕ್ಕ. ಹೃದ್ರೋಗಿಗಳಿಗೆ ಜಾಗ ಮತ್ತು ಹೊತ್ತು ಆರಿಸಿಕೊಟ್ಟೇ ನಡೆಸಬೇಕು. ಲಂಡನ್ನಿನಲ್ಲಿ 60 ದಾಟಿದವರನ್ನು ಒಮ್ಮೆ ಡೀಸೆಲ್ ಬಸ್ಸುಗಳು ತುಂಬಿದ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ, ಇನ್ನೊಮ್ಮೆ ಹೈಡ್ ಪಾರ್ಕ್‌ನಲ್ಲಿ ನಡೆಸಿ ನೋಡಿದರು. ಪಾರ್ಕ್‌ನಲ್ಲಿ ನಡೆದಾಗ ಶ್ವಾಸಕೋಶಕ್ಕೂ ರಕ್ತನಾಳಕ್ಕೂ ಸಿಕ್ಕ ಲಾಭ ಆ ರಸ್ತೆಯಲ್ಲಿ ಬಹುಪಾಲು ಸಿಗದೇ ಹೋಯಿತು.

ಎರಡನೆಯದು ನಮ್ಮ ಚೀಟಿಯ ವಿಷಯ. ವ್ಯಾಯಾಮದ ಚೀಟಿಯಲ್ಲಿ ಎಷ್ಟು ಹೊತ್ತು, ಎಷ್ಟು ವೇಗ, ನಾಡಿ ಎಷ್ಟಿರಬೇಕು ಅಂತ ಬರೆಯುವುದು ಎಲ್ಲ ಕಡೆ ವಾಡಿಕೆ. ಈಗ ನಮ್ಮಲ್ಲಿ ಇನ್ನೆರಡು ಸಾಲು ಸೇರಿವೆ: ಎಲ್ಲಿ, ಯಾವ ಹೊತ್ತಿಗೆ. ರೋಗಿಯ ಮನೆ ಸುತ್ತಲಿನ ರಸ್ತೆಯ ನಕ್ಷೆಯನ್ನು ಅವರ ಮನೆಯವರ ಜೊತೆ ಕೂತು ನೋಡುತ್ತೇವೆ. ಹತ್ತೇ ನಿಮಿಷದ ಕೆಲಸ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ರ ವರ್ಷದ ಸರಾಸರಿ ಮಿತಿಯನ್ನು 10ರಿಂದ 5 ಮೈಕ್ರೋಗ್ರಾಂಗೆ ಇಳಿಸಿತು. ಜಗತ್ತಿನ ಶೇ 99ರಷ್ಟು ಜನ ಅದರ ಮಾರ್ಗಸೂಚಿ ದಾಟಿದ ಗಾಳಿಯನ್ನೇ ಉಸಿರಾಡುತ್ತಿದ್ದಾರೆ. ಅಂದಮೇಲೆ ಮೈದಾನ ಹುಡುಕಿಕೊಡುವುದು ರೋಗಿಯನ್ನು ಉಳಿಸಿಕೊಳ್ಳುವ ಉಪಾಯವೇ ಹೊರತು ಪರಿಹಾರ ಅಲ್ಲ. ಅದು ನನಗೆ ಚೆನ್ನಾಗಿ ಮನದಟ್ಟಾದದ್ದು ಮೇಷ್ಟ್ರ ನಂತರ ಬಂದ ಇನ್ನೊಬ್ಬ ರೋಗಿಯಿಂದ. ಅವರಿಗೂ ಸ್ಟೆಂಟ್ ಇದೆ. ಅವರ ಕೆಲಸವೇ ದಟ್ಟ ವಾಹನದ ಒಂದು ವೃತ್ತದಲ್ಲಿ ದಿನವಿಡೀ ನಿಲ್ಲುವುದು. ಅವರಿಗೆ ಜಾಗವನ್ನೂ ಹೊತ್ತನ್ನೂ ಆರಿಸಿಕೊಡಲು ನಮ್ಮಿಂದ ಆಗಲಿಲ್ಲ. ಎನ್‌95 ಮಾಸ್ಕ್ ಸರಿಯಾಗಿ ಹಾಕಿಕೊಳ್ಳುವುದನ್ನು ಕಲಿಸಿದೆವು. ವಾಹನ ಕಡಿಮೆ ಇರುವ ಕಡೆ, ಇಲ್ಲವೇ ಒಳಗಿನ ಕೆಲಸಕ್ಕೆ ಹಾಕಬೇಕು ಅಂತ ಅವರ ಮೇಲಧಿಕಾರಿಗೆ ಹೃದ್ರೋಗ ತಜ್ಞರ ಸಹಿ ಹಾಕಿಸಿ ಪತ್ರ ಬರೆದೆವು. ಪತ್ರದ ಜೊತೆ ಮೇಷ್ಟ್ರ ಎರಡೂ ಹೋಲ್ಟರ್ ವರದಿಗಳನ್ನು, ಅವರ ಒಪ್ಪಿಗೆ ಪಡೆದು, ಹೆಸರು ಅಳಿಸಿ ಲಗತ್ತಿಸಿದ್ದೇವೆ.